ಪಂಕ್ತಿಯಿಂದ ಎದ್ದ ದಿನ

ನನ್ನ ಕೋಣೆಯ ಹಿಂಬಾಗಿಲಿನಿಂದ ಕಕ್ಕಸಿಗೆ ಮೂವತ್ತನಾಲ್ಕು ಹೆಜ್ಜೆಗಳಿದ್ದವು. ಅವಸರದಲ್ಲಿ ಇಪ್ಪತ್ತಾರು. ಎಣಿಸುವ ಅಭ್ಯಾಸ ಮೊದಲಿನಿಂದಲೂ ಇತ್ತು. ಆದರೆ ಆ ಹೆಜ್ಜೆಗಳನ್ನು ಎಣಿಸಿದ್ದು ಅಭ್ಯಾಸದಿಂದಲ್ಲ, ಭಯದಿಂದ.

ವನಗೂರಿನ ಕಡೆಯ ಆ ಪ್ರೌಢಶಾಲೆಗೆ ನಾನು ಕನ್ನಡ ಮೇಷ್ಟರಾಗಿ ಹೋದದ್ದು ತೊಂಬತ್ತರ ದಶಕದ ನಡುವಿನಲ್ಲಿ. ಒಬ್ಬ ಕಾಫಿ ಬೆಳೆಗಾರರು ತಮ್ಮ ಮನೆಯ ಹಿಂದಿದ್ದ ಕೋಣೆಯನ್ನು ಬಾಡಿಗೆಗೆ ಕೊಟ್ಟರು. ಹಿಂದೆ ಅದರಲ್ಲಿ ತೋಟದ ಲೆಕ್ಕ ಬರೆಯುವ ರೈಟರ್ ಇದ್ದನಂತೆ. ಕೋಣೆಗೆ ಬೇರೆಯದೇ ಬಚ್ಚಲು, ಬೇರೆಯದೇ ಕಕ್ಕಸು. ಅಲ್ಲಿಗೆ ಹೋಗುವ ದಾರಿ ಕಾಫಿ ಗಿಡಗಳ ಮರೆಯಲ್ಲಿದ್ದುದರಿಂದ ದೊಡ್ಡಮನೆಯವರ ಕಣ್ಣಿಗೆ ಬೀಳುತ್ತಿರಲಿಲ್ಲ. ಕೋಣೆಯನ್ನು ನಾನು ಒಪ್ಪಿಕೊಂಡದ್ದೇ ಆ ಒಂದು ಕಾರಣಕ್ಕೆ.

ಅದಕ್ಕೆ ವರ್ಷದ ಹಿಂದೆ ಹಾಸನದ ವೈದ್ಯರು ನನ್ನ ಕಾಯಿಲೆಯನ್ನು ವಿವರಿಸಿದ್ದರು. ದೊಡ್ಡ ಕರುಳಿನ ಒಳಗೋಡೆಯಲ್ಲಿ ಹುಣ್ಣುಗಳಾಗಿವೆ; ಇದು ಪೂರ್ತಿ ಗುಣವಾಗುವಂಥದ್ದಲ್ಲ; ತಿಂಗಳುಗಟ್ಟಲೆ ಸುಮ್ಮನಿದ್ದು ಇದ್ದಕ್ಕಿದ್ದಂತೆ ಕೆರಳುತ್ತದೆ. ಕೆರಳಿದಾಗ ಏನಾಗುತ್ತದೆಂಬುದನ್ನು ಅವರು ವಿವರಿಸಬೇಕಾಗಿರಲಿಲ್ಲ. ನಸುಕಿನಲ್ಲಿಯೇ ಹೊಟ್ಟೆಯ ಎಡಭಾಗ ಒದ್ದೆ ಬಟ್ಟೆಯನ್ನು ಹಿಂಡಿದಂತೆ ಹಿಂಡುತ್ತಿತ್ತು. ಶಾಲೆಗೆ ಹೊರಡುವುದರೊಳಗೆ ಐದಾರು ಸಲ ಹೋಗಿ ಬರಬೇಕಾಗುತ್ತಿತ್ತು. ಪ್ರತಿಸಲವೂ ರಕ್ತ. ಹೋಗಿ ಬಂದ ಮೇಲೂ ಇನ್ನೂ ಹೋಗಬೇಕೆಂಬ ಸುಳ್ಳು ಕರೆ. ಬಳಿಕ ಕೈಕಾಲುಗಳಲ್ಲಿ ಶಕ್ತಿಯೇ ಇಲ್ಲದಂಥ ಆಯಾಸ. ತಿಂದದ್ದನ್ನೆಲ್ಲ ನಾನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಹಾಲು, ಕಾಫಿ, ಖಾರ, ಕಾಳು ಒಂದೊಂದಾಗಿ ಅಡ್ಡಗೆರೆ ಎಳೆಸಿಕೊಂಡವು. ಕೊನೆಗೆ ಉಳಿದದ್ದು ಮೆತ್ತಗೆ ಬೇಯಿಸಿದ ಅನ್ನ, ನೀರು ಮಜ್ಜಿಗೆ, ಉಪ್ಪು.

ಮೊದಲ ತರಗತಿಯಲ್ಲಿ ನಾನು ಯಾವಾಗಲೂ ಮಕ್ಕಳಿಗೆ ಪ್ರಬಂಧ ಬರೆಯಲು ಕೊಡುತ್ತಿದ್ದೆ. ಯಾರೂ ತಲೆಯೆತ್ತಬಾರದು, ಪಿಟ್ಟೆನ್ನಬಾರದು ಎಂಬುದು ಆಜ್ಞೆ. ಬಾಗಿಲ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡಿದ್ದು, ಅಗತ್ಯ ಬಿದ್ದಾಗ ಸದ್ದಿಲ್ಲದೆ ಎದ್ದು ಹೋಗುತ್ತಿದ್ದೆ. ಆ ವರ್ಷಗಳಲ್ಲಿ ಶಿಸ್ತಿನ ಮೇಷ್ಟರೆಂದು ನನಗೆ ಬಂದ ಹೆಸರಿನಲ್ಲಿ ಅರ್ಧ ಪಾಲು ನನ್ನ ಕರುಳಿಗೆ ಸಲ್ಲಬೇಕು.

ಯಾರಿಗೂ ಏಕೆ ಹೇಳಲಿಲ್ಲ? ಹೊಟ್ಟೆ ಕೆಟ್ಟವನನ್ನು ಕಂಡು ಜನ ಮರುಗುವುದಕ್ಕಿಂತ ನಗುವುದೇ ಹೆಚ್ಚು. ನಾನು ಓದಿದ ಶಾಲೆಯಲ್ಲಿ ಒಬ್ಬ ಮೇಷ್ಟರಿಗೆ ಒಮ್ಮೆ ಭೇದಿಯಾದದ್ದಕ್ಕೆ ಅವರು ನಿವೃತ್ತರಾಗುವವರೆಗೂ ಅಡ್ಡಹೆಸರು ಉಳಿದಿತ್ತು. ರಕ್ತವೆಂದರಂತೂ ಅಂಟುರೋಗವೆಂದು ಭಾವಿಸಿ ಕೋಣೆ ಬಿಡಿಸಿಯಾರು ಎಂಬ ಅಳುಕು ಬೇರೆ. ಕೆ. ಹೊಸಕೋಟೆಯ ನಮ್ಮ ಮನೆಯಲ್ಲಿ ಅಣ್ಣನಿಗೆ ಮಾತ್ರ ಗೊತ್ತಿತ್ತು. ಆತ ನನಗೆ ಹೆಣ್ಣು ನೋಡುವುದನ್ನು ನಿಲ್ಲಿಸಿದ್ದ.

ಬೆಳೆಗಾರರ ತಾಯಿ ಎಪ್ಪತ್ತು ದಾಟಿದವರು. ನಾನು ಬಂದ ಮೊದಲ ವಾರದಲ್ಲೇ ಸ್ವತಃ ಕಡುಬು, ಅವರೆಕಾಳಿನ ಸಾರು ತಂದರು. ಮುಚ್ಚಿದ ತಟ್ಟೆಯನ್ನು ನಾನು ಮುಚ್ಚಿದಂತೆಯೇ ಹಿಂದಿರುಗಿಸಿದೆ. ಕಾಫಿ ತಂದಾಗ ಬೇಡವೆಂದೆ. ಮೂರನೆಯ ಸಲ ಅಕ್ಕಿರೊಟ್ಟಿ ತಂದವರು ಬಾಗಿಲಲ್ಲೇ ನಿಂತು ನನ್ನ ಮುಖವನ್ನು ನೋಡಿದರು. ನಾನು ಶಬ್ದಗಳಿಗಾಗಿ ತಡಕಾಡುತ್ತಿರುವಾಗ ಅವರೇ ಉತ್ತರವನ್ನು ಒದಗಿಸಿದರು.

“ನಿಮ್ ಕಡೆಯೋರು ನಮ್ಮಂಥ ಬಾಡು ತಿನ್ನೋರ ಮನೇಲಿ ಉಣ್ಣಾಕಿಲ್ಲ, ಅಲ್ವೇನಪ್ಪ? ನಂಗೆ ಹೊಳೀಲೇ ಇಲ್ಲ.”

ನಾವು ಲಿಂಗ ಕಟ್ಟುವ ಜನ. ಅವರು ಮಾಂಸ ತಿನ್ನುವವರು. ನಮ್ಮ ಸೀಮೆಯಲ್ಲಿ ಯಾರೇ ಆದರೂ ಹಾಗೆಯೇ ಊಹಿಸುತ್ತಿದ್ದರು. ಆ ಊಹೆ ಗೌರವವುಳ್ಳ ನೆಪವೊಂದನ್ನು ತಂದು ನನ್ನ ಕೈಯಲ್ಲಿಟ್ಟಿತು. ಕಾಯಿಲೆಗೆ ನಗುವ ಜನ ಆಚಾರಕ್ಕೆ ನಗುವುದಿಲ್ಲ. ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಅಜ್ಜಿ ತಟ್ಟೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿಂದಿರುಗಿದರು. ನಿಜ ಹೇಳಬೇಕೆಂದರೆ, ಬಾಗಿಲು ಹಾಕಿಕೊಂಡಾಗ ನನಗಾದದ್ದು ನೆಮ್ಮದಿ.

ಆದರೂ ಅವರು ನನ್ನನ್ನು ಬಿಟ್ಟುಬಿಡಲಿಲ್ಲ. ಬಾಳೆಹಣ್ಣಿಗೆ ಮೈಲಿಗೆಯಿಲ್ಲವೆಂದು ಚಿಪ್ಪುಗಳನ್ನು ಕಿಟಕಿಯಲ್ಲಿಟ್ಟು ಹೋಗುತ್ತಿದ್ದರು. ಕಾಯಿಲೆಗೆ ನುಂಗುತ್ತಿದ್ದ ಗುಳಿಗೆಗಳ ದೆಸೆಯಿಂದ ನನ್ನ ಮುಖ ಊದಿಕೊಂಡಾಗ, “ಮೇಷ್ಟ್ರು ನಮ್ಮೂರ ನೀರಿಗೇ ದಪ್ಪ ಆಗವ್ರೆ. ಇನ್ನು ನಮ್ಮನೆ ತುಪ್ಪ ತಿಂದಿದ್ರೆ ಬಾಗ್ಲು ಅಗಲ ಮಾಡಿಸ್ಬೇಕಾಗಿತ್ತು” ಎಂದು ಹಾಸ್ಯ ಮಾಡಿದ್ದರು. ನಕ್ಕೆ. ಆ ತಿಂಗಳು ನಾನು ನಕ್ಕದ್ದು ಬಹುಶಃ ಅದೊಂದೇ ಸಲ.

ಎರಡನೆಯ ವರ್ಷದ ಬೇಸಿಗೆ ರಜೆಯಲ್ಲಿ ಕಾಯಿಲೆ ಹಿಂದೆಂದೂ ಇಲ್ಲದಷ್ಟು ಕೆರಳಿತು. ಎರಡು ಬಸ್ಸು ಬದಲಿಸಿ ಊರಿಗೆ ಹೋಗುವ ಧೈರ್ಯವಿಲ್ಲದೆ ಕೋಣೆಯಲ್ಲೇ ಉಳಿದಿದ್ದೆ. ಆಗಲೇ ಹತ್ತನೆಯ ತರಗತಿಯ ಫಲಿತಾಂಶ ಬಂತು. ಬೆಳೆಗಾರರ ಮಗಳು ನನ್ನ ಶಿಷ್ಯೆ. ಕನ್ನಡದಲ್ಲಿ ಶಾಲೆಗೇ ಮೊದಲಿಗಳಾಗಿದ್ದಳು. ಮೇಷ್ಟರಿಗೆ ಊಟ ಹಾಕದೆ ಇದ್ದರೆ ಹೇಗೆ ಎಂದು ಅಜ್ಜಿ ಹಟ ಹಿಡಿದರಂತೆ. ದಾರಿಯನ್ನೂ ಅವರೇ ಕಂಡುಹಿಡಿದರು: ಬಾಳ್ಳುಪೇಟೆಯಿಂದ ನಮ್ಮ ಜಾತಿಯವರೇ ಆದ ಅಡುಗೆಯವರನ್ನು ಜೀಪಿನಲ್ಲಿ ಕರೆಸುವುದು, ಅಲ್ಲಿಂದಲೇ ಹೊಸ ಪಾತ್ರೆಗಳನ್ನು ತರಿಸುವುದು, ಮೂರು ದಿನ ಮುಂಚಿನಿಂದ ಮನೆಯಲ್ಲಿ ಮಾಂಸ ಬೇಯಿಸದಿರುವುದು. ಎಲ್ಲ ಸಿದ್ಧವಾದ ಮೇಲೆ ಯಜಮಾನರು ನನ್ನ ಬಾಗಿಲಿಗೆ ಬಂದು ಕರೆದರು. ನನ್ನ ನೆಪಕ್ಕೆ ಅವರು ಒಂದು ಬಾಗಿಲನ್ನೂ ಬಿಟ್ಟಿರಲಿಲ್ಲ.

ಹೋಗಿ ಕುಳಿತೆ. ಹಿಂದಿನ ದಿನದಿಂದ ಏನನ್ನೂ ತಿಂದಿರಲಿಲ್ಲ. ಹೊಟ್ಟೆ ಬರಿದಾಗಿದ್ದರೆ ಒಂದು ಗಂಟೆ ತಡೆದೀತೆಂಬುದು ನನ್ನ ಲೆಕ್ಕಾಚಾರ. ಹತ್ತು ಹನ್ನೆರಡು ಜನರ ಪಂಕ್ತಿ. ಕೋಸಂಬರಿ, ಪಲ್ಯ, ಕಾಯಿಹೋಳಿಗೆ, ಅದರ ಮೇಲೆ ತುಪ್ಪ. ಅಜ್ಜಿ ಎದುರಿಗೆ ಮಣೆಯ ಮೇಲೆ ಕುಳಿತು ನನ್ನ ಕೈಯನ್ನೇ ನೋಡುತ್ತಿದ್ದರು. ಹೋಳಿಗೆಯ ಒಂದು ಚೂರು ಮುರಿದು ತುಪ್ಪದಲ್ಲಿ ಅದ್ದಿ ಎತ್ತಿದೆ. ಅದು ಬಾಯಿಗೆ ಮುಟ್ಟುವ ಮೊದಲೇ ಎಡಭಾಗ ಹಿಂಡಿತು. ನನಗಿದ್ದದ್ದು ಇನ್ನು ಕೆಲವೇ ಕ್ಷಣ.

ಪಂಕ್ತಿಯ ನಡುವಿನಿಂದ ಎಲೆ ಬಿಟ್ಟು ಏಳುವುದೆಂದರೆ ನಮ್ಮ ಕಡೆ ಬಡಿಸಿದವರ ಮುಖಕ್ಕೆ ಹೊಡೆದಂತೆ. ಅದು ಗೊತ್ತಿದ್ದೂ ಎದ್ದೆ. ಒಂದು ಮಾತನ್ನೂ ಆಡದೆ ಹಿತ್ತಲಿಗಿಳಿದು ನನ್ನ ಕೋಣೆಯತ್ತ ಓಡಿದೆ. ಇಪ್ಪತ್ತಾರು ಹೆಜ್ಜೆ ಮುಗಿಯುವ ಮೊದಲೇ ಪಂಚೆ ಹಾಳಾಯಿತು. ಮುಕ್ಕಾಲು ಗಂಟೆಯ ಬಳಿಕ ಬಚ್ಚಲಿಗೆ ಹೋಗಿ ತಣ್ಣೀರನ್ನೇ ತಲೆಯ ಮೇಲಿಂದ ಸುರಿದುಕೊಂಡೆ. ಪಂಚೆಯನ್ನು ಒಗೆದು ಹಗ್ಗದ ಮೇಲೆ ಹರಡಿದೆ. ದೊಡ್ಡಮನೆಯ ಹಿತ್ತಲಿನಿಂದ ಆ ಹಗ್ಗ ಕಾಣುತ್ತಿತ್ತು.

ಅಡುಗೆಯವರನ್ನು ಜೀಪಿಗೆ ಹತ್ತಿಸುತ್ತ ಯಜಮಾನರು ಆಡಿದ ಮಾತು ಕಿಟಕಿಯಲ್ಲಿ ಕೇಳಿತು.

“ಅಡ್ಗೆ ನೀವೇ ಮಾಡಿದ್ದು, ಪಾತ್ರೆನೂ ಹೊಸ್ದು. ಆದ್ರೂ ನಮ್ಮನೇಲಿ ಕೂತಿದ್ದಕ್ಕೆ ಹೋಗಿ ತಲೆ ಮ್ಯಾಲೆ ನೀರ್ ಹುಯ್ಕಂಡವ್ರೆ ನೋಡಿ. ನಮ್ ನೆಲಾನೇ ಆಗಾಕಿಲ್ಲ ಅಂತ ಕಾಣ್ತದೆ.”

ಆಗ ಹೊರಗೆ ಬಂದು ಒಂದೇ ಒಂದು ವಾಕ್ಯವನ್ನು ಹೇಳಿದ್ದರೆ ಸಾಕಾಗಿತ್ತು. ವಾಕ್ಯ ಸಿದ್ಧವಾಗಿಯೂ ಇತ್ತು. ಕೈ ಚಿಲಕದ ಮೇಲಿತ್ತು. ಜೀಪು ಹೊರಟ ಸದ್ದು ಪೂರ್ತಿ ಅಡಗುವವರೆಗೂ ನಾನು ಚಿಲಕ ಹಿಡಿದುಕೊಂಡೇ ನಿಂತಿದ್ದೆ.

ಮರುದಿನದಿಂದ ಕಿಟಕಿಯಲ್ಲಿ ಬಾಳೆಹಣ್ಣು ಇರಲಿಲ್ಲ. ಯಜಮಾನರು ಎದುರಾದರೆ ಶಾಲೆಯ ವಿಷಯವನ್ನಷ್ಟೇ ಕೇಳಿ ಮುಂದೆ ಹೋಗುತ್ತಿದ್ದರು. ಹುಡುಗಿ ಕಾಲೇಜು ಸೇರಲು ಹಾಸನಕ್ಕೆ ಹೋಗುವಾಗ ದೂರದಿಂದಲೇ ಕೈಮುಗಿದಳು, ಹತ್ತಿರ ಬಂದರೆ ನನಗೆ ಮೈಲಿಗೆಯಾದೀತೆಂಬಂತೆ. ಕಾಯಿಲೆ ಎರಡು ತಿಂಗಳಲ್ಲಿ ತಗ್ಗಿತು. ಹೊಟ್ಟೆ ತಣ್ಣಗಿದ್ದ ಆ ಚಳಿಗಾಲದಲ್ಲಿ ಅಜ್ಜಿ ಕೊಟ್ಟಿದ್ದರೆ ಎರಡು ಕಡುಬುಗಳನ್ನಾದರೂ ತಿನ್ನಬಹುದಾಗಿತ್ತು. ಕೇಳಿಕೊಂಡು ಹೋಗಲು ಮುಖವಿರಲಿಲ್ಲ. ನನ್ನ ಒಲೆಯ ಮುಂದೆ ಕುಳಿತು, ನನಗೊಬ್ಬನಿಗೇ ಬಡಿಸಿಕೊಂಡು, ದೊಡ್ಡಮನೆಯ ಒಗ್ಗರಣೆಯ ವಾಸನೆಯಲ್ಲಿ ಉಣ್ಣುತ್ತಿದ್ದೆ.

ಕಾಫಿ ಕೊಯ್ಲಿನ ನಡುವೆ ಅಜ್ಜಿ ತೀರಿಕೊಂಡರು. ಮಣ್ಣಿಗೆ ಹೋದೆ. ತಿಥಿಯ ದಿನವೂ ಹೋದೆ. ನನ್ನನ್ನು ಊಟಕ್ಕೆ ಯಾರೂ ಎಬ್ಬಿಸಲಿಲ್ಲ. ಮೇಷ್ಟರಿಗೆ ಇಕ್ಕಟ್ಟಾಗದಿರಲೆಂದು ಅವರು ತೋರಿದ ಮರ್ಯಾದೆ ಅದು.

ಜೂನಿನಲ್ಲಿ ನನಗೆ ಕೆ. ಹೊಸಕೋಟೆಯ ಬಳಿಗೆ ವರ್ಗವಾಯಿತು. ಕಾಯಿಲೆ ಮತ್ತೆ ಕೆರಳಿತ್ತು. ಯಜಮಾನರು ಕಾಫಿ ಮೂಟೆಗಳನ್ನು ಬಾಳ್ಳುಪೇಟೆಗೆ ಸಾಗಿಸುವವರಿದ್ದರು. ನನ್ನ ಟ್ರಂಕನ್ನೂ ನನ್ನನ್ನೂ ಅದೇ ಜೀಪಿಗೆ ಹತ್ತಿಸಿಕೊಂಡರು. ಸಕಲೇಶಪುರ ತಲುಪುವುದರೊಳಗೆ ಎರಡು ಸಲ ನಿಲ್ಲಿಸಿ ಎಂದೆ. ನಿಲ್ಲಿಸಿದರು. ಆ ಪೇಟೆ ದಾಟಿದ ಮೇಲೆ ಮೋರಿಯೊಂದರ ಬಳಿ ಮೂರನೆಯ ಸಲ ಇಳಿದು, ಗೋಡೆಯಂತೆ ಬಿಳಿಚಿಕೊಂಡು ಹತ್ತಿ ಬಂದಾಗ ಅವರು ಎಂಜಿನ್ ಆರಿಸಿದರು.

“ಏನ್ ಮೇಷ್ಟ್ರೇ, ಹೊಟ್ಟೆ ಸರಿ ಇಲ್ವಾ?”

ಹೇಳಿದೆ. ಹುಣ್ಣು, ರಕ್ತ, ಹಾಲು, ಖಾರ, ಕಾಳು. ಕಡೆಯಲ್ಲಿ ಪಂಚೆಯ ವಿಷಯ. “ಅವತ್ತು ಸ್ನಾನ ಮಾಡಿದ್ದು ಮಡಿಗಲ್ಲ ಗೌಡ್ರೇ, ಬಟ್ಟೆ ಕೆಟ್ಟಿತ್ತು” ಎಂದೆ. ಜೀವಮಾನದಲ್ಲಿ ನಾನು ಆಡಿದ ಅತ್ಯಂತ ಕಷ್ಟದ ವಾಕ್ಯ ಅದೇ ಇರಬೇಕು.

ಅವರು ಸ್ಟೇರಿಂಗಿನ ಮೇಲೆ ಎರಡು ಕೈಗಳನ್ನೂ ಇಟ್ಟುಕೊಂಡು ಎದುರಿನ ರಸ್ತೆಯನ್ನು ನೋಡುತ್ತಿದ್ದರು. ಲಾರಿಗಳು ಹೋಗುತ್ತಿದ್ದವು.

“ನಮ್ಮವ್ವ ಸಾಯೋಗಂಟ ಕೇಳ್ತಿದ್ಲು, ಇನ್ನೇನ್ ಕಮ್ಮಿ ಮಾಡುದ್ವೋ ಆ ಮೇಷ್ಟ್ರಿಗೆ ಅಂತ” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ಒಂದ್ ಮಾತು ಅಂದಿದ್ರೆ ಗಂಜಿ ಕಾಯ್ಸಿ ಕೊಡ್ತಿದ್ಲಲ್ರೀ” ಎಂದರು.

ಅವರು ಮತ್ತೆ ಎಂಜಿನ್ ಶುರು ಮಾಡಿದರು.

ಬಾಳ್ಳುಪೇಟೆಯಲ್ಲಿ ನನ್ನ ಟ್ರಂಕನ್ನು ಅವರೇ ಬಸ್ಸಿನ ಮೇಲಕ್ಕೆ ಹಾಕಿಸಿದರು. ನಾನು ಒಳಗೆ ಹತ್ತಿದ ಮೇಲೆ ಡ್ರೈವರನ ಕಿಟಕಿಗೆ ಹೋಗಿ, ಬಸ್ಸಿಗೆಲ್ಲ ಕೇಳುವಂತೆ, “ಇವ್ರು ನಮ್ ಮೇಷ್ಟ್ರು ಕಣಪ್ಪ. ಹೊಟ್ಟೆ ಸರಿ ಇಲ್ಲ. ಎಲ್ಲಿ ನಿಲ್ಸು ಅಂದ್ರೂ ನಿಲ್ಸ್ಬೇಕು, ಗೊಣಗ್ಬಾರ್ದು” ಎಂದರು. ಮೂರು ವರ್ಷ ಕಾದಿಟ್ಟದ್ದು ಒಂದು ಉಸಿರಿನಲ್ಲಿ ಬಯಲಾಯಿತು. ನಾನು ತಲೆ ತಗ್ಗಿಸಿ ಕಾದೆ. ಯಾರೂ ನಗಲಿಲ್ಲ. ಬಾಗಿಲ ಪಕ್ಕದಲ್ಲಿ ಕುಳಿತಿದ್ದ ಹೆಂಗಸೊಬ್ಬರು ಕೋಳಿಯ ಬುಟ್ಟಿಯನ್ನೆತ್ತಿಕೊಂಡು ಹಿಂದಕ್ಕೆ ಹೋಗಿ ಆ ಸೀಟನ್ನು ನನಗೆ ಬಿಟ್ಟುಕೊಟ್ಟರು.

ಅಲ್ಲಿಂದ ಊರಿನವರೆಗೆ ಬಸ್ಸನ್ನು ಒಮ್ಮೆಯೂ ನಿಲ್ಲಿಸಬೇಕಾಗಲಿಲ್ಲ. ಈಗ ಶಾಲೆಯಿಂದ ಸ್ವಇಚ್ಛೆಯಿಂದ ನಿವೃತ್ತನಾಗಿದ್ದೇನೆ, ಕಾಯಿಲೆ ನಿವೃತ್ತವಾಗಿಲ್ಲ. ಕೆರಳಿದ ದಿನಗಳಲ್ಲಿ ಗಂಜಿಯನ್ನು ನಾನೇ ಕಾಯಿಸಿಕೊಳ್ಳುತ್ತೇನೆ. ಅಜ್ಜಿಯಾಗಿದ್ದರೆ ಇದಕ್ಕೆ ಏನು ಹಾಕುತ್ತಿದ್ದರು, ಎಷ್ಟು ಹೊತ್ತು ಬೇಯಿಸುತ್ತಿದ್ದರು ಎಂದು ಪ್ರತಿಸಲವೂ ಯೋಚಿಸುತ್ತೇನೆ. ನನಗೆ ಗೊತ್ತಿಲ್ಲ.