ತಗ್ಗಿನ ಮೂಲೆಯ ಮನೆ

ಕೊರೊನಾ ಮುಗಿದು ಸೈಟು ವ್ಯಾಪಾರ ಮತ್ತೆ ಚಿಗುರಿದ ವರ್ಷ ನಾನು ಚಿತ್ರದುರ್ಗದಲ್ಲಿ ಸಹಾಯಕ ಕಾರ್ಯಪಾಲಕ ಎಂಜಿನಿಯರ್ ಆಗಿದ್ದೆ. ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಒಳಚರಂಡಿ ಕೆಲಸ ನನ್ನ ಪಾಲಿಗಿತ್ತು. ಹೊಸ ಲೇಔಟಿಗೆ ಒಪ್ಪಿಗೆ ಸಿಗಬೇಕಾದರೆ ರಸ್ತೆ, ಕರೆಂಟು, ಪಾರ್ಕು ತೋರಿಸಿದರೆ ಸಾಲದು. ಅಲ್ಲಿನ ಮನೆಗಳ ಕೊಳಚೆ ನೀರು ಎಲ್ಲಿಗೆ ಹೋಗುತ್ತದೆ ಎಂಬುದಕ್ಕೂ ನಕ್ಷೆಯಲ್ಲಿ ಉತ್ತರವಿರಬೇಕು. ಊರಿನ ಒಳಚರಂಡಿ ಹತ್ತಿರವಿದ್ದರೆ ಅದಕ್ಕೆ ಜೋಡಿಸಬಹುದು. ಇಲ್ಲದಿದ್ದರೆ ಲೇಔಟಿನವರೇ ದಾರಿ ಹುಡುಕಬೇಕು. ಆ ದಾರಿ ಸರಿಯಿದೆಯೇ ಎಂದು ನೋಡಿ ಸಹಿ ಹಾಕುವವಳು ನಾನು.

ಹೊಸದುರ್ಗದ ಹೊರಗೆ, ಮಾಡದಕೆರೆ ಕಡೆಯ ರಸ್ತೆಯಲ್ಲಿ, ಚನ್ನಬಸಪ್ಪ ಎಂಬ ವ್ಯಾಪಾರಿ ಹನ್ನೊಂದು ಎಕರೆಯ ಲೇಔಟ್ ಮಾಡಲು ಹೊರಟಿದ್ದರು. ಸಿಮೆಂಟು, ಕಬ್ಬಿಣದ ಅಂಗಡಿ ಇಟ್ಟುಕೊಂಡಿದ್ದ ಅವರಿಗೆ ಇದು ಮೊದಲ ಲೇಔಟು. ಅಲ್ಲಿಗೆ ಊರಿನ ಒಳಚರಂಡಿ ಮುಟ್ಟಿರಲಿಲ್ಲ. ಪ್ರತಿ ಮನೆಗೂ ಒಂದು ಸೆಪ್ಟಿಕ್ ಟ್ಯಾಂಕು, ಅದರ ಪಕ್ಕ ನೀರು ಇಂಗಲು ಒಂದು ಗುಂಡಿ ಎಂದು ಅವರ ನಕ್ಷೆ ಹೇಳುತ್ತಿತ್ತು. ನಾನು ಜಾಗ ನೋಡಲು ಹೋದಾಗ ಮೂರು ಕಡೆ ಗುಂಡಿ ತೋಡಿಸಿ ನೀರು ತುಂಬಿಸಿದೆ. ಮೇಲೆ ಕೆಮ್ಮಣ್ಣಿದ್ದರೂ ಕೆಳಗೆ ಬಂಡೆಯ ಹಾಸು. ಮಧ್ಯಾಹ್ನ ತುಂಬಿಸಿದ ನೀರು ಮರುದಿನವೂ ಹೆಚ್ಚುಕಡಿಮೆ ಹಾಗೇ ನಿಂತಿತ್ತು. ಇಂಗದ ನೀರು ಬಂಡೆಯ ಮೇಲೆ ಜಾರಿ ತಗ್ಗಿನ ಕಡೆಗೇ ಹೋಗಬೇಕು. ತಗ್ಗಿನಲ್ಲಿ ಒಂದು ಬಾವಿಯಿತ್ತು.

ಆ ಬಾವಿ ಕರಿಯಪ್ಪನವರದು. ಲೇಔಟಿನ ಜಮೀನೂ ಹಿಂದೆ ಅವರ ತಂದೆಯದೇ. ಮಾರುವಾಗ ತಗ್ಗಿನ ಮೂಲೆಯಲ್ಲಿದ್ದ ಮನೆ, ಕುರಿ ಕೂಡುವ ಮುಳ್ಳುಬೇಲಿಯ ರೊಪ್ಪ, ಬಾವಿ ಇಷ್ಟನ್ನು ಉಳಿಸಿಕೊಂಡಿದ್ದರು. ಬಾವಿಯ ನೀರನ್ನು ಅದರ ಕೆಳಗಿನ ಹಟ್ಟಿಯವರೆಲ್ಲ ಕುಡಿಯುತ್ತಿದ್ದರು. ಕರಿಯಪ್ಪ ಕುರಿ ಹೊಡೆದುಕೊಂಡು ತಿಂಗಳುಗಟ್ಟಲೆ ಹೊರಗಿರುವವರು. ಮನೆಯಲ್ಲಿ ಅವರ ಹೆಂಡತಿ ತಿಪ್ಪಮ್ಮ ಮತ್ತು ಮದುವೆ ವಯಸ್ಸಿಗೆ ಬಂದ ಮಗಳು ಇಬ್ಬರೇ.

ಇಂಗುಗುಂಡಿಯ ಯೋಜನೆಯನ್ನು ನಾನು ತಳ್ಳಿಹಾಕಿದೆ. ಇಡೀ ಲೇಔಟಿನ ಕೊಳಚೆಯನ್ನು ಪೈಪುಗಳಲ್ಲಿ ಒಂದೆಡೆ ತಂದು, ಗಾಳಿ ಊದಿ ಶುದ್ಧಮಾಡುವ ಘಟಕ, ಅಂದರೆ ಎಸ್‌ಟಿಪಿ, ಕಟ್ಟಬೇಕು ಎಂದು ಬರೆದೆ. ಚನ್ನಬಸಪ್ಪ ಗೊಣಗಿದರೂ ಒಪ್ಪಿದರು. ಉಳಿದದ್ದು ಜಾಗದ ಪ್ರಶ್ನೆ. ಕೊಳಚೆ ತಾನಾಗಿ ಹರಿದು ಬರಬೇಕಾದರೆ ಘಟಕ ಎಲ್ಲಕ್ಕಿಂತ ತಗ್ಗಿನಲ್ಲಿರಬೇಕು, ಎಂದರೆ ತಿಪ್ಪಮ್ಮನ ಬೇಲಿಗೆ ಅಂಟಿಕೊಂಡು. ದಿಬ್ಬದ ಮೇಲೆ ಕಟ್ಟಿ ಪಂಪಿನಿಂದ ಎತ್ತಿಸಬಹುದೇ ಎಂದು ನಾಲ್ಕಾರು ಬಗೆಯಲ್ಲಿ ಲೆಕ್ಕ ಹಾಕಿ ನೋಡಿದೆ. ಕರೆಂಟು ಹೋಗಿ ಪಂಪು ನಿಂತ ದಿನ ಕೊಳಚೆ ಉಕ್ಕಿ ಅದೇ ಬಾವಿಗೆ ಇಳಿಯುತ್ತಿತ್ತು. ಇವತ್ತು ಯಾರಾದರೂ ಆ ನಕ್ಷೆಯನ್ನು ಮುಂದಿಟ್ಟರೆ ನಾನು ಅದೇ ಮೂಲೆಗೇ ಗುರುತು ಹಾಕುತ್ತೇನೆ.

ತೀರ್ಮಾನ ಬರೆಯುವ ಮೊದಲು ತಿಪ್ಪಮ್ಮನ ಮನೆಗೆ ಹೋದೆ. ಆಕೆ ರೊಪ್ಪದ ಮುಳ್ಳು ಸರಿಸಿ ಬಂದು, ಜಗಲಿಯ ಮೇಲೆ ಕಂಬಳಿ ಹಾಸಿ ಕೂರಿಸಿದರು. ನಾನು ಎಲ್ಲವನ್ನೂ ವಿವರಿಸಿದೆ. ಆಕೆ ಕೇಳಿದ್ದು ಎರಡೇ ಪ್ರಶ್ನೆ.

"ಹಂಗ್ ಮಾಡಿದ್ರೆ ಬಾವಿ ಕೆಡಲ್ಲ ಅಂತೀರಾ?"

"ಕೆಡಲ್ಲ."

"ವಾಸ್ನೆ?"

"ಸರಿಯಾಗಿ ನಡೆಸಿದರೆ ಜಾಸ್ತಿ ಬರಲ್ಲ" ಎಂದೆ.

ಅದು ಸುಳ್ಳಲ್ಲ. ಆದರೆ 'ಜಾಸ್ತಿ' ಎಂಬ ಮಾತನ್ನು ನಾನು ಅಳೆದು ಸೇರಿಸಿದ್ದೆ. ಆಕೆಗೆ ಕೇಳಿಸಿದ್ದು 'ಬರಲ್ಲ' ಎಂಬುದು ಮಾತ್ರ ಎಂದು ಮುಖ ನೋಡಿದಾಗಲೇ ತಿಳಿಯಿತು. ಹಟ್ಟಿಯವರು ನೆಮ್ಮದಿಯಾಗಿ ನೀರು ಕುಡಿದರೆ ಸಾಕು ಎಂದರು ಆಕೆ. ನಾನು ಚಹಾ ಕುಡಿದು ಎದ್ದು ಬಂದೆ.

ಘಟಕ ಚೆನ್ನಾಗಿ ನಡೆಯಿತು. ಹೊರಬರುವ ನೀರಿನ ಪರೀಕ್ಷೆಯಲ್ಲಿ ಒಮ್ಮೆಯೂ ದೋಷ ಕಾಣಲಿಲ್ಲ. ಬಾವಿಯ ನೀರನ್ನೂ ಪರೀಕ್ಷೆಗೆ ಕಳಿಸಿದೆ, ಅದೂ ನಿರ್ಮಲವಾಗಿತ್ತು. ಬೇರೆ ತಾಲ್ಲೂಕಿನ ಎಂಜಿನಿಯರುಗಳು ನೋಡಲು ಬಂದರು. ಚನ್ನಬಸಪ್ಪ ಅವರಿಗೆ ತಾವೇ ಎಲ್ಲವನ್ನೂ ತೋರಿಸಿ ಹಿಗ್ಗಿದರು. ಮೇಲಿನ ಸಾಲಿನ ಮನೆಗಳಿಗೆ ಅಂಥದ್ದೊಂದು ಘಟಕ ಅಲ್ಲಿದೆ ಎಂಬುದೇ ಗೊತ್ತಾಗುತ್ತಿರಲಿಲ್ಲ. ತಗ್ಗಿನ ಮನೆಗೆ ಮಾತ್ರ ಗೊತ್ತಾಗುತ್ತಿತ್ತು. ಗಾಳಿ ಊದುವ ಯಂತ್ರದ ಗುಂಯ್ ಸದ್ದು ನಿಲ್ಲುತ್ತಿರಲಿಲ್ಲ. ತೊಟ್ಟಿಗಳ ತಳದ ಕೆಸರು ತೆಗೆಯುವ ದಿನ ಗಾಳಿ ಆಡದಿದ್ದರೆ ವಾಸನೆ ಅಂಗಳದಲ್ಲಿ ಕೂತುಬಿಡುತ್ತಿತ್ತು.

ಒಂದು ಸಲ ತಪಾಸಣೆಗೆ ಹೋದಾಗ ತಿಪ್ಪಮ್ಮ ಬೇಲಿಯ ಹತ್ತಿರ ಬಂದು ನಿಂತರು. ಮಗಳನ್ನು ನೋಡಲು ಹಿರಿಯೂರು ಕಡೆಯಿಂದ ಗಂಡಿನವರು ಬಂದಿದ್ದರಂತೆ. ಮಾತುಕತೆ ಕುದುರಿ, ಊಟಕ್ಕೆ ಎಲೆ ಹಾಕಿದ್ದರಂತೆ. ಕೆಸರಿನ ಟ್ಯಾಂಕರ್ ಬಂದದ್ದು ಆಗಲೇ. ಗಂಡಿನ ತಾಯಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಎದ್ದರು, ಉಳಿದವರೂ ಎದ್ದರು. ಆಮೇಲೆ ಅವರಿಂದ ಮಾತೇ ಬರಲಿಲ್ಲ.

"ನಿಮ್ಮನ್ನ ಅಂತಿಲ್ಲ ಮೇಡಂ" ಎಂದರು ತಿಪ್ಪಮ್ಮ. "ಉಂಡು ಹೋಗ್ಬೇಕಿತ್ತು ಅವ್ರು. ಎಲೆ ಮುಂದಿಂದ ಎದ್ದೋದ್ರು."

ಆಕೆ ಬೈದಿದ್ದರೆ ಉತ್ತರ ಕೊಡಲು ನನ್ನ ಬಳಿ ನಿಯಮಗಳಿದ್ದವು, ಪರೀಕ್ಷೆಯ ವರದಿಗಳಿದ್ದವು. ಆಕೆ ಬೈಯಲಿಲ್ಲ. ಚನ್ನಬಸಪ್ಪನವರಿಗೆ ಹೇಳಿ ತೊಟ್ಟಿಗಳಿಗೆ ಮುಚ್ಚಳ ಹಾಕಿಸಿದೆ, ಯಂತ್ರದ ಸುತ್ತ ಗೋಡೆ ಎಬ್ಬಿಸಿದೆ, ಬೇಲಿಯುದ್ದಕ್ಕೂ ಹೊಂಗೆ ನೆಡಿಸಿದೆ. ಟ್ಯಾಂಕರ್ ಬರುವ ಹಿಂದಿನ ದಿನ ತಿಪ್ಪಮ್ಮನಿಗೆ ತಿಳಿಸಬೇಕೆಂದು ಘಟಕದ ಕೆಲಸಗಾರರಿಗೆ ಕಟ್ಟುನಿಟ್ಟು ಮಾಡಿದೆ. ವಾಸನೆ ಕಡಿಮೆಯಾಯಿತು, ಹೋಗಲಿಲ್ಲ. ಅಷ್ಟರಲ್ಲಿ "ಕೊಳಚೆ ಮನೆಯೋರು" ಎಂಬ ಹೆಸರು ಆ ಕುಟುಂಬಕ್ಕೆ ಅಂಟಿತ್ತು. ಹೆಸರಿಗೆ ಮುಚ್ಚಳ ಹಾಕುವ ವಿದ್ಯೆ ನಾನು ಕಲಿತಿರಲಿಲ್ಲ.

ಮರುವರ್ಷ ಕರಿಯಪ್ಪ ಕುರಿಗಳೊಂದಿಗೆ ಮರಳಿದವರೇ ಮನೆ ಖಾಲಿ ಮಾಡಿದರು. ಹೊಳಲ್ಕೆರೆ ತಾಲ್ಲೂಕಿನ ತಾಳ್ಯದ ಹತ್ತಿರ ತಿಪ್ಪಮ್ಮನ ಅಣ್ಣನ ಜಮೀನಿತ್ತು, ಅಲ್ಲಿಗೆ ಹೊರಟರು. ಬಾವಿಯನ್ನು ಹಟ್ಟಿಯವರ ಬಳಕೆಗೆ ಬಿಟ್ಟುಕೊಟ್ಟರು. ಸುದ್ದಿ ತಿಳಿದು ನಾನು ಹೋದಾಗ ಟ್ರ್ಯಾಕ್ಟರಿಗೆ ಸಾಮಾನು ಏರಿಸುತ್ತಿದ್ದರು. ತಪ್ಪಾಯಿತು ಎಂದುಬಿಟ್ಟೆ.

ತಿಪ್ಪಮ್ಮ ಕೊಡ ಇಳಿಸಿ ನನ್ನನ್ನು ನೋಡಿದರು. "ತಪ್ಪೇನೈತೆ? ನೀರು ಚೆನ್ನಾಗೈತೆ, ಹಟ್ಟಿಯೋರು ಕುಡೀತಾವ್ರೆ. ಇಲ್ಲಿ ಇರಾಕೆ ಆಗಲ್ಲ, ಅಷ್ಟೇಯ."

ಮಗಳಿಗೆ ಆಮೇಲೆ ತಾಳ್ಯದ ಕಡೆಯೇ ಮದುವೆಯಾಯಿತೆಂದು ಕೇಳಿದೆ. ಅಷ್ಟಕ್ಕೆ ನನ್ನ ಮನಸ್ಸು ಹಗುರಾಗಲಿಲ್ಲ. ಹಟ್ಟಿಯವರಿಗೆ ಕಾಯಿಲೆ ಬರದಂತೆ ತಡೆದ ಕೆಲಸವೇ ಒಂದು ಮನೆಯವರನ್ನು ಒಕ್ಕಲೆಬ್ಬಿಸಿತು. ಎರಡೂ ನಿಜ, ಒಂದನ್ನು ಹಿಡಿದು ಇನ್ನೊಂದನ್ನು ಅಳಿಸಲು ನನ್ನಿಂದ ಈವರೆಗೂ ಆಗಿಲ್ಲ. ಕೊಳಚೆ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಒಂದು ಜಾಗವಲ್ಲ, ಒಂದು ಮನೆ ಎಂದು ಕಲಿಸಿದ ಕೇಸು ಅದು.

ನಿವೃತ್ತಿಯ ನಂತರವೂ ಕೆಲವರು ಸಲಹೆಗೆ ಕರೆಯುತ್ತಾರೆ. ಮೊನ್ನೆ ಹಿರಿಯೂರಿನ ಲೇಔಟೊಂದಕ್ಕೆ ಹೋದವಳು ನಕ್ಷೆ ಬಿಡಿಸುವ ಮೊದಲು ತಗ್ಗಿನ ಕಡೆಯ ಮನೆ ಹುಡುಕಿಕೊಂಡು ಹೋದೆ. ಘಟಕ ಈ ಕಡೆಗೇ ಬರಬಹುದು ಎನ್ನುವಷ್ಟರಲ್ಲಿ ಮನೆಯಾಕೆ "ಕುಂತ್ಕಳ್ರಿ, ಚಾ ಕಾಸ್ತೀನಿ" ಎಂದು ಒಳಗೆ ಹೊರಟರು. ನಾನು ತಡೆದೆ.

"ವಾಸನೆ ಬರುತ್ತಮ್ಮ" ಎಂದೆ. "ಮೊದಲು ಅದನ್ನ ಕೇಳಿ. ಚಾ ಆಮೇಲೆ, ನೀವು ಕೊಡೋ ಹಂಗಿದ್ರೆ."