ಸರೋಜಮ್ಮನವರ ಮೂರು ಬಾಟಲಿಗಳು

ಸರೋಜಮ್ಮನವರು ಮೂಡಿಗೆರೆ ಪೇಟೆಗೆ ಬಂದರೆ ಅಂಗಡಿಯವರು ಒಳಗೆ ಕೆಲಸವಿದ್ದವರ ಹಾಗೆ ಎದ್ದು ಹೋಗುತ್ತಿದ್ದರು. ಒಂದು ಬಕೆಟ್ ಕೊಳ್ಳುವುದಕ್ಕೂ ಅದನ್ನು ಯಾರು ಮಾಡಿದರು, ಏನು ಉರಿಸಿ ಮಾಡಿದರು, ಒಡೆದ ಮೇಲೆ ಅದು ಎಲ್ಲಿಗೆ ಹೋಗುತ್ತದೆ ಎಂದೆಲ್ಲ ಕೇಳುವ ಹೆಂಗಸು ಅವರು. ಬಕೆಟ್ಟಿನ ಜಾತಕ ಯಾವ ಅಂಗಡಿಯವನಿಗೆ ಗೊತ್ತಿರುತ್ತದೆ?

ಜಾವಳಿಯ ಅವರ ಕಾಫಿ ತೋಟದಲ್ಲಿ ನಾನು ಲೆಕ್ಕ ಬರೆಯುವ ರೈಟರ್ ಆಗಿದ್ದೆ. ಲೆಕ್ಕಕ್ಕಿಂತ ಅವರ ಕಾಗದಗಳನ್ನು ಬರೆದದ್ದೇ ಹೆಚ್ಚು. ಎರಡು ಸಾವಿರದ ಇಸವಿ ಕಳೆದ ಮೇಲೆ ಮನೆಯ ಒಂದು ಭಾಗವನ್ನು ಹೋಂಸ್ಟೇ ಮಾಡಿದರು. ಹಳ್ಳದಲ್ಲಿ ಪ್ಲಾಸ್ಟಿಕ್ ಬಾಟಲಿ ತೇಲತೊಡಗಿದ್ದೇ ತಡ, ಅದನ್ನು ನಿಲ್ಲಿಸಿ ರೂಮುಗಳಿಗೆ ಗಾಜಿನ ಬಾಟಲಿ ಇಡಿಸಿದರು. ಸ್ಟೀಲ್ ಚೊಂಬು ಇಡಿ ಎಂದೆ. ನೀರು ಚೊಕ್ಕಟವಾಗಿರುವುದು ಗೆಸ್ಟುಗಳ ಕಣ್ಣಿಗೆ ಕಾಣಬೇಕಂತೆ.

ಯಾರೋ ಗೆಸ್ಟು ಬಾಟಲಿಯನ್ನು ತೋಟಕ್ಕೆ ಒಯ್ದು ಒಡೆದು, ಹೇಳದೆ ಹೋದ. ಹಣ್ಣು ಕುಯ್ಯುತ್ತಿದ್ದ ಸುಶೀಲಳ ಬರಿಗಾಲಿಗೆ ಚೂರು ಹೊಕ್ಕಿತು. ಹಿಮ್ಮಡಿ ಸೀಳಿ ಹದಿನೈದು ದಿನ ಕೂಲಿಯವರ ಲೈನು ಮನೆಯಲ್ಲೇ ಮಲಗಿದಳು. ಸರೋಜಮ್ಮನೂ ನಾನೂ ನೋಡಲು ಹೋದಾಗ ಅವಳು ಅಂದದ್ದು ಇಷ್ಟೇ:

"ಪ್ಲಾಸ್ಟಿಕ್ಕೇ ಇರ್ಲಿ ಬಿಡಿ ಅಮ್ಮಾ. ಅದು ತುಳಿದ್ರೆ ಕಾಲು ಕುಯ್ಯಲ್ಲ."

ಮರುದಿನ ಸರೋಜಮ್ಮ ನನ್ನನ್ನು ಕರೆದು, ಬಾಟಲಿ ಮಾಡುವ ಮೂರು ಕಾರ್ಖಾನೆಗಳಿಗೆ ಕಾಗದ ಬರೆಸಿದರು. ದಪ್ಪ ಗಾಜು ಬೇಕು, ಒಡೆದರೆ ಚೂರನ್ನು ಅವರೇ ವಾಪಸ್ ಪಡೆದು ಕರಗಿಸಬೇಕು. ಚೂರಿಗೊಂದು ದಾರಿಯಿದ್ದರೆ ಯಾರೂ ತೋಟಕ್ಕೆ ಎಸೆಯುವುದಿಲ್ಲ ಎಂಬುದು ಅವರ ಲೆಕ್ಕ. ಮೂವರೂ ಒಂದೊಂದು ಬಾಟಲಿ ಕಳಿಸಿದರು. ಸರೋಜಮ್ಮ ಮೂರನ್ನೂ ಬಟ್ಟೆ ಒಗೆಯುವ ಕಲ್ಲಿಗೆ ಕುಕ್ಕಿ ಒಡೆದರು. ನಾನು ಬಾಯಿ ಬಿಟ್ಟೆ.

"ಕಾಫಿಗೆ ಸ್ಯಾಂಪಲ್ ಕೊಟ್ಟು ಎಷ್ಟು ಬೀಜ ಇಳಿಯುತ್ತೆ ಅಂತ ಔಟ್‌ಟರ್ನ್ ನೋಡಲ್ವಾ ರೈಟ್ರೇ? ಇದಕ್ಕೂ ನೋಡಣ. ಚೂರು ಅವರವರಿಗೇ ಪಾರ್ಸಲ್ ಮಾಡಿ."

ಮೊದಲನೆಯವರು, ದಾರಿಯಲ್ಲಿ ಒಡೆದದ್ದಕ್ಕೆ ಕ್ಷಮಿಸಿ ಎಂದು ಎರಡು ಹೊಸ ಬಾಟಲಿ ಕಳಿಸಿದರು. ಎರಡನೆಯವರು ಚೂರು ಎಷ್ಟಿದ್ದರೂ ಕಳಿಸಿ ಎಂದರು, ಆದರೆ ಅವರ ಕುಲುಮೆಗೆ ಸೌದೆಯೇ ಗತಿಯಂತೆ. ಮೂರನೆಯವರದು ಗ್ಯಾಸಿನ ಕುಲುಮೆ, ಬಾಟಲಿಯೂ ಗಟ್ಟಿ, ಚೂರು ಮಾತ್ರ ಮುಟ್ಟುವುದಿಲ್ಲ.

"ಕಾಡು ಉಳಿಸಣ ಅಂದ್ರೆ ಕಾಲು ಕುಯ್ಯುತ್ತೆ. ಕಾಲು ಉಳಿಸಣ ಅಂದ್ರೆ ಕಾಡು ಸುಡುತ್ತೆ. ಎಂಥ ಮಾಡದು ಮಾರಾಯ್ರೆ?"

ಬೆಳಿಗ್ಗೆ ಎರಡನೆಯದು ಎನ್ನುತ್ತಿದ್ದೆ, ಸಂಜೆ ಮೂರನೆಯದು. ಅವರೂ ಹಾಗೆಯೇ. ಆರ್ಡರ್ ಕಾಗದವನ್ನು ಎಷ್ಟು ಸಲ ಬರೆದು ಹರಿದೆನೋ. ಒಳಗೊಳಗೆ ನನಗೆ ಸಿಟ್ಟೂ ಬರುತ್ತಿತ್ತು. ನೀರು ಕುಡಿಯುವ ಬಾಟಲಿಗೆ ಇಷ್ಟು ಸಂಕಟ ಯಾಕೆ?

ಅದೇ ವರ್ಷದ ಕೊನೆಗೆ ನನಗೆ ಕಳಸದ ಹತ್ತಿರ ಬೇರೆ ತೋಟದಲ್ಲಿ ಕೆಲಸ ಸಿಕ್ಕಿತು. ಹೇಳಿ ಹೋಗಲು ಬಂದರೆ ಸರೋಜಮ್ಮ ಮನೆಯಲ್ಲಿರಲಿಲ್ಲ. ಸುಶೀಲ ಕಾಲು ಕುಯ್ದುಕೊಂಡಿದ್ದ ತೋಟದ ಪಟ್ಟೆಯಲ್ಲೇ ಸಿಕ್ಕಿದರು. ಚಪ್ಪಲಿ ಬಿಟ್ಟು, ಸೀರೆ ಎತ್ತಿ ಕಟ್ಟಿ, ಉದುರಿದ ಎಲೆಗಳನ್ನು ಬರಿಗಾಲಲ್ಲಿ ಮೆಲ್ಲಗೆ ಕೆದಕುತ್ತಾ ಗಿಡದಿಂದ ಗಿಡಕ್ಕೆ ಹೋಗುತ್ತಿದ್ದರು.

"ಅಮ್ಮಾ, ಚಪ್ಪಲಿ ಹಾಕ್ಕಳಿ. ಕಾಲಿಗೆ ಚುಚ್ಚೀತು."

"ಚಪ್ಪಲಿ ಹಾಕ್ಕಂಡ್ರೆ ಚೂರು ಎಲ್ಲಿದೆ ಅಂತ ಗೊತ್ತಾಗಲ್ಲ ರೈಟ್ರೇ. ಸೋಮವಾರ ಹೆಂಗಸ್ರು ಕುಯ್ಲಿಗೆ ಬರ್ತಾರೆ."

ಬಸ್ಸಿಗೆ ಹೊತ್ತಾಯಿತು ಎಂದೆ. ಹೋಗಿ ಬನ್ನಿ ಎಂದರು, ತಲೆ ಎತ್ತಲಿಲ್ಲ. ಮುಂದೆ ಯಾವ ಕಾರ್ಖಾನೆಯನ್ನು ಆರಿಸಿದರೋ, ನನಗೆ ಗೊತ್ತಿಲ್ಲ. ಅವರು ತೀರಿಕೊಂಡದ್ದೂ ತಡವಾಗಿ ತಿಳಿಯಿತು. ನಾನು ಹೊರಟ ಆ ದಿನ ಇನ್ನೂ ಏಳೆಂಟು ಸಾಲು ಗಿಡ ಬಾಕಿಯಿದ್ದವು. ನಾನು ಬೂಟು ಬಿಚ್ಚಲಿಲ್ಲ.