ಅಜ್ಜಿ ಕಡಲಿಗೆ ಇಳಿದ ಮಾಲ್ಸುನ್

ಜೇಜು ದ್ವೀಪದ ಆ ಊರಿನಲ್ಲಿ ದಡದ ಪಕ್ಕದ ಆಳವಿಲ್ಲದ ನೀರಿಗೆ ಅಜ್ಜಿ ಕಡಲು ಎಂದೇ ಹೆಸರು. ಕಡಲಲ್ಲಿ ಮುಳುಗಿ ತಿನ್ನುವಂಥದ್ದು ಹೆಕ್ಕಿ ಬದುಕುವ ಹೆಂಗಸರಲ್ಲಿ ಉಸಿರು ಸೋತವರಿಗೆ ಅದು ಮೀಸಲು. ಒಮ್ಮೆ ಅಲ್ಲಿ ಇಳಿದವಳು ಮತ್ತೆ ಆಳದ ಕಡಲಿಗೆ ಹೋಗುವಂತಿಲ್ಲ. ಎಪ್ಪತ್ತು ದಾಟಿದರೂ ಮಾಲ್ಸುನ್ ಅತ್ತ ಕಾಲಿಟ್ಟವಳಲ್ಲ. ವರ್ಷಗಳಿಂದ ಅಲ್ಲೇ ಮುಳುಗುತ್ತಿದ್ದ ಗೆಳತಿ ಗುನ್‌ಜಾಳನ್ನು, "ಅದೇನು ಕಡಲೇನೇ? ಕಾಲು ತೊಳೆಯೋ ಬಚ್ಚಲು!" ಎಂದು ಸತಾಯಿಸುತ್ತಿದ್ದಳು.

ಮದುವೆಯಾಗಿ ಬಹಳ ವರ್ಷದ ಮೇಲೆ ಮಾಲ್ಸುನ್‌ಳ ಒಬ್ಬಳೇ ಮಗಳು ಓಕ್ಮಿ ತವರಿನಲ್ಲಿ ಹೆಣ್ಣು ಹೆತ್ತಳು. ಬಾಣಂತಿಗೆ ಕಡಲಸೊಪ್ಪಿನ ಸಾರು, ಅದರಲ್ಲಿ ಮುಳ್ಳುಚೆಂಡು ಎಂಬ ಕಡಲಜೀವಿಯ ಹಳದಿ ತಿರುಳು. ಇದಿಲ್ಲದ ಬಾಣಂತನ ಅಲ್ಲಿ ಬಾಣಂತನವೇ ಅಲ್ಲ. ಓಕ್ಮಿ ಹುಟ್ಟಿದಾಗ ಮಾಲ್ಸುನ್‌ಳ ತಾಯಿ ಮಾಡಿದ ಸಾರಿನಲ್ಲಿ ತಿರುಳು ತೇಲಿ ಸೊಪ್ಪೇ ಕಾಣುತ್ತಿರಲಿಲ್ಲ. ಆಗಿನ ಆಳದ ಕಡಲೋ! ಆಳೆತ್ತರದ ಸೊಪ್ಪನ್ನು ಸರಿಸಿಕೊಂಡೇ ಮುಂದೆ ಹೋಗಬೇಕಿತ್ತು. ಮೈಯೆಲ್ಲ ಮುಳ್ಳಿನ ಆ ಚೆಂಡುಗಳು ಬಂಡೆಗಂಟಿ ಅದನ್ನೇ ಮೇಯ್ದು ಮೇಯ್ದು ಕೊಬ್ಬುತ್ತಿದ್ದವು.

ಈಗ ಅಲ್ಲಿನ ಬಂಡೆಗಳೆಲ್ಲ ಸುಣ್ಣ ಬಳಿದಂತೆ ಬೆಳ್ಳಗೆ. ಮುಳ್ಳುಚೆಂಡುಗಳಿಗೆ ಬರವಿಲ್ಲ, ಅವುಗಳಿಗೆ ಮೇಯಲು ಸೊಪ್ಪಿಲ್ಲ. ಮಾಲ್ಸುನ್ ಬಲೆಚೀಲದ ತುಂಬ ತಂದು ದಡದಲ್ಲಿ ಒಡೆದಳು. ಒಂದರಲ್ಲೂ ಚಮಚಕ್ಕೆ ಅಂಟುವಷ್ಟು ತಿರುಳಿರಲಿಲ್ಲ.

"ಪಾಪ, ಉಪವಾಸ ಬಿದ್ದಿವೆ," ಎನ್ನುತ್ತ ಗುನ್‌ಜಾ ತನ್ನದೊಂದನ್ನು ಒಡೆದು ತೋರಿಸಿದಳು. ಒಳಗೆ ಗಿಜಿಗಿಜಿ ಹಳದಿ. "ನಮ್ಮ ಬಚ್ಚಲಲ್ಲಿ ಇನ್ನೂ ಸೊಪ್ಪಿದೆ ಕಣೇ. ತಗೊಂಡ್ಹೋಗು, ಮಗಳಿಗೆ."

"ಬಾಣಂತಿ ಸಾರಿಗೆ ಇನ್ನೊಬ್ಬರು ತಂದಿದ್ದು ಹಾಕ್ತಾರಾ? ಬಾಣಂತೀನ ಹೆತ್ತವಳೇ ತರಬೇಕು."

"ಹಂಗಾದ್ರೆ ಇಳಿ. ಇಲ್ಲಾಂದ್ರೆ ಬರೀ ಸೊಪ್ಪು ಕುಡಿಸು."

ಮರುದಿನ ಬೆಳಿಗ್ಗೆ ಮಾಲ್ಸುನ್ ಗುನ್‌ಜಾಳ ಹಿಂದೆಯೇ ಇಳಿದಳು. ಮುಳುಗಿದೊಡನೆ ಸೊಪ್ಪು ಕೆನ್ನೆ ಸವರಿತು. ಎಷ್ಟು ವರ್ಷವಾಗಿತ್ತೋ! ನೀರೊಳಗೇ ಅಳು ಬಂತು. ಮೇಲೆದ್ದು ಸಿಳ್ಳೆಯಂತೆ ಉಸಿರು ಬಿಟ್ಟಾಗ, ಆಳಕ್ಕೆ ಹೊರಟಿದ್ದ ದೋಣಿಯ ಹೆಂಗಸರು ಅವಳನ್ನೇ ನೋಡಿದರು. ಯಾರೂ ಗೇಲಿ ಮಾಡಲಿಲ್ಲ. ಮಾಡಿದ್ದರೇ ಚೆನ್ನಾಗಿತ್ತು.

ಸಾರು ಕುಡಿದ ಓಕ್ಮಿ ಬಟ್ಟಲು ಕೆಳಗಿಟ್ಟು, "ಅಮ್ಮಾ, ಇಷ್ಟೊಂದು ತಿರುಳು! ಎಲ್ಲಿ ಸಿಕ್ತು?" ಎಂದಳು.

"ಅಜ್ಜಿ ಕಡಲಲ್ಲಿ."

ಊರ ಕಟ್ಟಳೆ ಓಕ್ಮಿಗೂ ಗೊತ್ತು. ಅವಳು ಕೂಸನ್ನು ಅಮ್ಮನ ಮಡಿಲಿಗೆ ಹಾಕಿದಳು. ಮಾಲ್ಸುನ್‌ಗೆ ಮೊದಲು ಬಂದದ್ದು ಸಿಟ್ಟು: ಬೊಗಸೆಯಷ್ಟಿಲ್ಲ ಈ ಕೂಸು, ನನ್ನ ಕಡಲನ್ನೇ ಕಿತ್ತುಕೊಂಡಿತಲ್ಲ! ಕೂಸು ಅವಳ ಒರಟು ಬೆರಳನ್ನು ಹಿಡಿದುಕೊಂಡಿತು.

"ಬಿಡೇ, ಮುಳ್ಳು ಚುಚ್ಚಿದ ಕೈ ಇದು," ಎಂದಳು ಮಾಲ್ಸುನ್. "ಎಲ್ಲೂ ಹೋಗಲ್ಲ ನಿಮ್ಮಜ್ಜಿ."